ಮೂರು ಟರ್ಮಿನಲ್, ಎರಡು ಬ್ರಾಂಚ್, ಒಂದು ಬ್ರೌಸರ್: ವೆಬ್ ಆ್ಯಪ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಪುಣೆಯ ಹಿಂಜವಡಿ, ಬಾಣೇರ್, ಖರಾಡಿ ಕಡೆ ಕೆಲಸಕ್ಕಿರುವ ನಮ್ಮ ಹುಡುಗ-ಹುಡುಗಿಯರ ಲ್ಯಾಪ್‌ಟಾಪ್ ನೋಡಿದರೆ ಒಂದೇ ಆ್ಯಪ್ ಒಂದೇ ಹೊತ್ತಿಗೆ ಮೂರ್ನಾಲ್ಕು ಕಡೆ ಓಡುತ್ತಿರುತ್ತದೆ. ಒಂದು ಟರ್ಮಿನಲ್‌ನಲ್ಲಿ ಮೇನ್ ಬ್ರಾಂಚ್ (ಕೋಡಿನ ಮುಖ್ಯ ಪ್ರತಿ), ಪಕ್ಕದಲ್ಲಿ ಫೀಚರ್ ಬ್ರಾಂಚ್ (ಹೊಸ ಕೆಲಸದ ಪ್ರತಿ), ಡಾಕರ್ ಒಳಗೆ, ಅಂದರೆ ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯೊಳಗೆ, ಡೇಟಾಬೇಸ್, ಆಫೀಸಿನ ಸರ್ವರ್ ಮೇಲೆ ಇನ್ನೊಂದು ಸೆಷನ್. ಹೀಗೆ ಓಡುತ್ತಿರುವ ಒಂದೊಂದು ಪ್ರತಿಯನ್ನೂ ಇಲ್ಲಿ ಸೆಷನ್ ಅನ್ನುತ್ತೇನೆ. ಕೆಲಸಕ್ಕೆ ಇದೆಲ್ಲ ಬೇಕು. ಆದರೆ ಇಂಥ ಸೆಟಪ್‌ನಲ್ಲಿ ಏನಾದರೂ ಕೆಟ್ಟಾಗ ಎಲ್ಲರೂ ಮೊದಲು ಕೋಡ್ ಬಿಚ್ಚುತ್ತಾರೆ, ಅಲ್ಲೇ ಅರ್ಧ ದಿನ ಹೋಗುತ್ತದೆ.

ನೀವು ತಿದ್ದುತ್ತಿರುವ ಫೈಲು, ಓಡುತ್ತಿರುವ ಪ್ರೊಸೆಸ್, ಬ್ರೌಸರಿನಲ್ಲಿ ಕಾಣುತ್ತಿರುವ ಪುಟ, ಆ ಪುಟದ ಹಿಂದಿರುವ ಡೇಟಾಬೇಸ್: ಈ ನಾಲ್ಕೂ ಒಂದೇ ಸೆಷನ್ನಿಗೆ ಸೇರಿವೆ ಎಂದು ಖಾತ್ರಿಯಾಗುವ ತನಕ ಕೋಡಿಗೆ ಕೈ ಹಚ್ಚಬೇಡಿ. ಕೆಳಗೆ ಬರೆದಿರುವ ಪರೀಕ್ಷೆಗಳಲ್ಲಿ ಬಹುಪಾಲು ಇದನ್ನು ಖಾತ್ರಿ ಮಾಡಿಕೊಳ್ಳುವ ದಾರಿಗಳೇ.

ಒಂದು ತಯಾರಿ ಮೊದಲೇ ಇದ್ದರೆ ಕೆಲಸ ಹಗುರ. ಡೆವಲಪ್‌ಮೆಂಟ್ ಮೋಡಿನಲ್ಲಿ ಮಾತ್ರ ತೆರೆಯುವ ಒಂದು ಗುರುತಿನ ಪುಟ ಬರೆದಿಡಿ. ಅದನ್ನು ತೆರೆದರೆ ಬ್ರಾಂಚಿನ ಹೆಸರು, ಕಮಿಟ್, ಪ್ರೊಸೆಸ್ ಐಡಿ, ಯಾವ ಫೋಲ್ಡರಿನಿಂದ ಶುರುವಾಗಿದೆ, ಎಷ್ಟು ಗಂಟೆಗೆ ಶುರುವಾಗಿದೆ, ಯಾವ ಡೇಟಾಬೇಸಿಗೆ ಜೋಡಿಸಿಕೊಂಡಿದೆ, ಇಷ್ಟು ಕಾಣಬೇಕು. ಹತ್ತಿಪ್ಪತ್ತು ಸಾಲಿನ ಕೆಲಸ. ಈ ಪುಟ ಪ್ರೊಡಕ್ಷನ್ನಿಗೆ, ಅಂದರೆ ನಿಜವಾದ ಗ್ರಾಹಕರು ಬಳಸುವ ಆ್ಯಪಿಗೆ, ಹೋಗದಂತೆ ಮಾತ್ರ ಗಟ್ಟಿಯಾಗಿ ನೋಡಿಕೊಳ್ಳಿ, ಹೊರಗಿನವರಿಗೆ ಇಷ್ಟು ಮಾಹಿತಿ ಸಿಗಬಾರದು.

## ಸೇವ್ ಮಾಡಿದರೂ ಪುಟದಲ್ಲಿ ಹಳೇದೇ ಕಾಣುತ್ತದೆ

ಎಲ್ಲಕ್ಕಿಂತ ಹೆಚ್ಚು ಬರುವ ದೂರು ಇದು. ವಿಜಯಪುರದಿಂದ ಬಂದು ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಒಂದು ಮಧ್ಯಾಹ್ನ, "ಅಕ್ಕಾ, ಬಟನ್ ಬಣ್ಣ ಬದಲ್ ಮಾಡೀನಿ, ಸೇವೂ ಮಾಡೀನಿ, ಪುಟದಾಗ ಕಾಣವಲ್ದು" ಅಂದಳು. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್, ಅಂದರೆ ಅವಳದೇ ಮಷಿನ್ನಿನ, 5173ನೇ ಪೋರ್ಟ್ ತೆರೆದಿತ್ತು. ಟರ್ಮಿನಲ್ ಸ್ವಲ್ಪ ಮೇಲಕ್ಕೆ ಸರಿಸು ಅಂದೆ. ಸರ್ವರ್ ಶುರುವಾದ ಜಾಗದಲ್ಲಿ ವೀಟ್ ಎಂಬ ಡೆವ್ ಸರ್ವರ್ ಎರಡು ಸಾಲು ಬರೆದಿತ್ತು: ಪೋರ್ಟ್ 5173 ಬೇರೆಯವರ ಬಳಿ ಇದೆ, ಇನ್ನೊಂದನ್ನು ನೋಡುತ್ತಿದ್ದೇನೆ, ಅದರ ಕೆಳಗೆ ಹೊಸ ವಿಳಾಸ, 5174. ಹಿಂದಿನ ದಿನದ ಬ್ರಾಂಚ್ ಬೇರೊಂದು ವಿಂಡೋದಲ್ಲಿ 5173ರ ಮೇಲೆ ಇನ್ನೂ ಓಡುತ್ತಿತ್ತು. ವಿಳಾಸದ ಕೊನೆಯ ಅಂಕಿ ತಿದ್ದಿದ ಕೂಡಲೇ ಬಟನ್ ಹಸಿರಾಯಿತು.

ಹಾಗಾಗಿ ಮೊದಲ ಪರೀಕ್ಷೆ ಖರ್ಚಿಲ್ಲದ್ದು: ಅಡ್ರೆಸ್ ಬಾರಿನ ಪೋರ್ಟ್ ಅಂಕಿಯೂ ಟರ್ಮಿನಲ್ ಹೇಳುವ ಅಂಕಿಯೂ ಒಂದೇ ಇದೆಯೇ ನೋಡಿ. ಸುಮ್ಮನೆ ಮುಂದಿನ ಪೋರ್ಟಿಗೆ ಜಾರುವ ಈ ಅಭ್ಯಾಸ ನನಗೆ ಹಿಡಿಸುವುದಿಲ್ಲ. ವೀಟ್‌ನ ಕಾನ್ಫಿಗ್‌ನಲ್ಲಿ ಸ್ಟ್ರಿಕ್ಟ್‌ಪೋರ್ಟ್ ಆನ್ ಮಾಡಿಟ್ಟರೆ ಪೋರ್ಟ್ ಖಾಲಿ ಇಲ್ಲದಾಗ ಅದು ಜಾರದೆ ಎರರ್ ಕೊಟ್ಟು ನಿಲ್ಲುತ್ತದೆ. ನಿಂತರೇ ಒಳ್ಳೆಯದು, ನಿಮಗೆ ಗೊತ್ತಾಗುತ್ತದೆ.

ಪೋರ್ಟ್ ಸರಿಯಿದ್ದೂ ಹಳೇದೇ ಕಂಡರೆ ನೀವು ತಿದ್ದುತ್ತಿರುವ ಫೈಲಿನಲ್ಲಿ ಬೇಕೆಂದೇ ಒಂದು ಸಿಂಟ್ಯಾಕ್ಸ್ ತಪ್ಪು ಮಾಡಿ, ಒಂದು ಬ್ರಾಕೆಟ್ ಅಳಿಸಿದರೂ ಸಾಕು. ಆ್ಯಪ್ ಮುರಿದು ಬಿದ್ದರೆ ಈ ಫೈಲು ಈ ಸೆಷನ್ನಿನದೇ. ತೊಂದರೆ ಬ್ರೌಸರಿನ ಕಡೆ ಇದೆ. ಏನೂ ಆಗದಿದ್ದರೆ ಎರಡು ಸಾಧ್ಯತೆ: ನೀವು ತಿದ್ದುತ್ತಿರುವುದು ಬೇರೆ ಕ್ಲೋನ್ ಅಥವಾ ಬೇರೆ ವರ್ಕ್‌ಟ್ರೀಯ, ಅಂದರೆ ಅದೇ ಪ್ರಾಜೆಕ್ಟಿನ ಬೇರೆ ನಕಲಿನ, ಫೈಲು, ಇಲ್ಲವೇ ಫೈಲ್ ಬದಲಾದದ್ದು ಸರ್ವರಿಗೆ ತಿಳಿಯುತ್ತಿಲ್ಲ.

ಬ್ರೌಸರಿನ ಕಡೆ ಅಂತಾದರೆ ಮೊದಲು ಕಂಟ್ರೋಲ್, ಶಿಫ್ಟ್, ಆರ್ ಒತ್ತಿ ಪೂರ್ತಿ ರೀಲೋಡ್ ಮಾಡಿ. ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬಿನಲ್ಲಿ ಡಿಸೇಬಲ್ ಕ್ಯಾಶ್ ಟಿಕ್ ಮಾಡಿದ್ದರೆ ಅದು ಡೆವ್‌ಟೂಲ್ಸ್ ತೆರೆದಿರುವ ತನಕ ಮಾತ್ರ ಕೆಲಸ ಮಾಡುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಆಮೇಲೆ ಅಪ್ಲಿಕೇಶನ್ ಟ್ಯಾಬಿಗೆ ಹೋಗಿ ಸರ್ವಿಸ್ ವರ್ಕರ್ (ಬ್ರೌಸರಿನಲ್ಲೇ ಕೂತು ಪುಟ ಉಳಿಸಿಟ್ಟು ಕೊಡುವ ಸ್ಕ್ರಿಪ್ಟ್) ಇದೆಯೇ ನೋಡಿ. ಲೋಕಲ್‌ಹೋಸ್ಟ್ 3000ರಲ್ಲಿ ಯಾವಾಗಲೋ ಓಡಿಸಿದ ಬೇರೆಯೇ ಪ್ರಾಜೆಕ್ಟಿನ ಸರ್ವಿಸ್ ವರ್ಕರ್ ಅಲ್ಲೇ ಉಳಿದುಕೊಂಡಿರುತ್ತದೆ. ಅದೇ ಪೋರ್ಟಿನಲ್ಲಿ ಹೊಸ ಆ್ಯಪ್ ಎಬ್ಬಿಸಿದರೂ ಅದು ತನ್ನ ಹಳೇ ಪುಟವನ್ನೇ ಕೊಡುತ್ತದೆ. ಸರ್ವರ್ ನಿಲ್ಲಿಸಿದ ಮೇಲೂ ಪುಟ ತೆರೆದುಕೊಂಡರೆ ಇದೇ ಕಾರಣ ಎಂದು ತಿಳಿಯಿರಿ. ರಿಯಾಕ್ಟ್ ಪ್ರಾಜೆಕ್ಟ್ ಶುರು ಮಾಡಿಕೊಡುವ ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನ 1ನೇ ಆವೃತ್ತಿಯಲ್ಲಿ ಈ ವರ್ಕರ್ ತಾನಾಗಿಯೇ ಸೇರಿಕೊಳ್ಳುತ್ತಿತ್ತು. 2018ರ 2ನೇ ಆವೃತ್ತಿಯಿಂದ ಬೇಕೆಂದು ಕೇಳಿದರೆ ಮಾತ್ರ. ಅನ್‌ರಿಜಿಸ್ಟರ್ ಮಾಡಿ, ಕ್ಲಿಯರ್ ಸೈಟ್ ಡೇಟಾ ಒತ್ತಿ. ಇದರಿಂದ ಆ ವಿಳಾಸದ ಲೋಕಲ್ ಸ್ಟೋರೇಜ್ ಕೂಡ ಹೋಗುತ್ತದೆ, ಟೆಸ್ಟಿಗೆ ಬೇಕಾದದ್ದು ಅಲ್ಲಿದ್ದರೆ ಮೊದಲು ಎತ್ತಿಟ್ಟುಕೊಳ್ಳಿ.

ಸರ್ವರಿಗೆ ಸುದ್ದಿ ಮುಟ್ಟುತ್ತಿಲ್ಲ ಎಂದಾದರೆ ಬದಲಾವಣೆ ಗಮನಿಸುವ ಫೈಲ್ ವಾಚರ್ ನೋಡಬೇಕು. ಲಿನಕ್ಸಿನಲ್ಲಿ ಈ ಕಾವಲಿಗೆ ಬಳಸುವ ಇನೋಟಿಫೈ ವಾಚ್‌ಗಳಿಗೆ ಪ್ರತಿ ಯೂಸರಿಗೂ ಒಂದು ಮಿತಿ ಇದೆ. ಹಳೇ ಕರ್ನಲ್‌ಗಳಲ್ಲಿ ಅದು 8192. ನಿಮ್ಮ ಎಲ್ಲ ಸೆಷನ್‌ಗಳೂ ಅದೇ ಮಿತಿಯನ್ನು ಹಂಚಿಕೊಳ್ಳುತ್ತವೆ, ಹಾಗಾಗಿ ಮೂರನೇ ಡೆವ್ ಸರ್ವರ್ ಎಬ್ಬಿಸಿದಾಗ ಈನೋಸ್ಪೇಸ್ (ENOSPC, ಜಾಗವಿಲ್ಲ) ಎರರ್ ಬರುತ್ತದೆ. ಹೆಸರು ನೋಡಿ ಡಿಸ್ಕ್ ತುಂಬಿದೆ ಎಂದುಕೊಂಡು ಫೈಲ್ ಅಳಿಸಲು ಹೋಗಬೇಡಿ. ಬೇಡದ ಸೆಷನ್ ಮುಚ್ಚಿ, ಇಲ್ಲವೇ ಮಿತಿ ಏರಿಸಿ. ವಿಂಡೋಸಿನಲ್ಲಿ ಡಬ್ಲ್ಯುಎಸ್‌ಎಲ್ 2 (ವಿಂಡೋಸಿನೊಳಗಿನ ಲಿನಕ್ಸ್) ಬಳಸುವವರು ಪ್ರಾಜೆಕ್ಟನ್ನು ಸಿ ಡ್ರೈವಿನಲ್ಲಿಟ್ಟು ಲಿನಕ್ಸ್ ಕಡೆಯಿಂದ ಓಡಿಸಿದರೆ ವಾಚರ್ ಕೆಲಸ ಮಾಡುವುದಿಲ್ಲ. ಪ್ರಾಜೆಕ್ಟನ್ನು ಲಿನಕ್ಸಿನ ಹೋಮ್ ಫೋಲ್ಡರಿಗೆ ಸಾಗಿಸಿ, ವೇಗವೂ ಹೆಚ್ಚುತ್ತದೆ.

## ಪೋರ್ಟ್ ಈಗಾಗಲೇ ಬಳಕೆಯಲ್ಲಿದೆ ಅನ್ನುತ್ತದೆ

ಈ ಎರರ್ ಕಂಡ ಕೂಡಲೇ ಕಿಲ್ ಮೈನಸ್ 9 ಹೊಡೆದು ಪ್ರೊಸೆಸನ್ನು ಬಲವಂತವಾಗಿ ಕೊಲ್ಲುವ ರೂಢಿ ಬಹಳ ಕಡೆ ಇದೆ. ದಯವಿಟ್ಟು ಮೊದಲು ಆ ಪೋರ್ಟ್ ಯಾರ ಬಳಿ ಇದೆ ಕೇಳಿ. ಮ್ಯಾಕ್, ಲಿನಕ್ಸಿನಲ್ಲಿ ಎಲ್‌ಎಸ್‌ಒಎಫ್, ವಿಂಡೋಸಿನಲ್ಲಿ ನೆಟ್‌ಸ್ಟ್ಯಾಟ್ ಕಮಾಂಡಿಗೆ ಎ, ಎನ್, ಒ ಮೂರೂ ಅಕ್ಷರ ಸೇರಿಸಿ ಕೊಟ್ಟರೆ ಪ್ರೊಸೆಸ್ ಐಡಿ ಸಿಗುತ್ತದೆ. ಆ ಐಡಿ ನಿಮ್ಮದೇ ಹಳೇ ಡೆವ್ ಸರ್ವರಿನದಾದರೆ ಅದರ ಟರ್ಮಿನಲ್ ಹುಡುಕಿ ಕಂಟ್ರೋಲ್ ಸಿ ಒತ್ತಿ. ಟರ್ಮಿನಲ್ ಸಿಗದಿದ್ದರೆ ಬರೀ ಕಿಲ್ ಕೊಡಿ, ಅದು 15ನೇ ಸಿಗ್ನಲ್ ಕಳಿಸುತ್ತದೆ, ಪ್ರೊಸೆಸ್ ತನ್ನ ಕೆಲಸ ಮುಗಿಸಿ ಹೋಗುತ್ತದೆ. ಒಂದಷ್ಟು ಸೆಕೆಂಡು ಕಾದೂ ಹೋಗದಿದ್ದರೆ ಆಗ 9. ಆದರೆ ಆ ಐಡಿ ಪೋಸ್ಟ್‌ಗ್ರೆಸ್ ಡೇಟಾಬೇಸಿನದಾಗಿದ್ದರೆ 9 ಬೇಡವೇ ಬೇಡ. ಡೇಟಾಬೇಸನ್ನು ಅದರದೇ ಸ್ಟಾಪ್ ಕಮಾಂಡಿನಿಂದ ನಿಲ್ಲಿಸಿ.

ಮ್ಯಾಕಿನಲ್ಲಿ ಫ್ಲಾಸ್ಕ್ (5000ನೇ ಪೋರ್ಟಿನಲ್ಲಿ ಏಳುವ ಪೈಥಾನ್ ಫ್ರೇಮ್‌ವರ್ಕ್) ಬಳಸುವವರಿಗೆ ಒಂದು ಮಾತು. 2021ರ ಮಾಂಟೆರೆ ಆವೃತ್ತಿಯಿಂದ ಏರ್‌ಪ್ಲೇ ರಿಸೀವರ್ 5000ನೇ ಪೋರ್ಟ್ ಹಿಡಿದುಕೊಳ್ಳುತ್ತದೆ. ಬ್ರೌಸರಿನಲ್ಲಿ 403 ಬಂದು, ರೆಸ್ಪಾನ್ಸ್ ಹೆಡರ್‌ನಲ್ಲಿ ಏರ್‌ಟ್ಯೂನ್ಸ್ ಎಂದು ಕಂಡರೆ ನಿಮ್ಮ ಆ್ಯಪ್ ಅಲ್ಲಿ ಇಲ್ಲವೇ ಇಲ್ಲ. ಸೆಟ್ಟಿಂಗಿನಲ್ಲಿ ರಿಸೀವರ್ ಆಫ್ ಮಾಡಿ ಅಥವಾ ಬೇರೆ ಪೋರ್ಟ್ ಕೊಡಿ.

## ಎರರ್ ಇಲ್ಲ, ಪುಟ ಸುಮ್ಮನೆ ಸುತ್ತುತ್ತಲೇ ಇರುತ್ತದೆ

ಕನೆಕ್ಷನ್ ಸಿಕ್ಕಿದೆ, ಉತ್ತರ ಬರುತ್ತಿಲ್ಲ ಎಂದರೆ ಪ್ರೊಸೆಸ್ ಇದೆ, ಆದರೆ ನಿಂತಿದೆ. ಕಂಟ್ರೋಲ್ ಸಿ ಬದಲು ಕಂಟ್ರೋಲ್ ಜಡ್ ಒತ್ತಿದ್ದೀರಾ ನೋಡಿ. ಜಡ್ ಪ್ರೊಸೆಸನ್ನು ಮುಗಿಸುವುದಿಲ್ಲ, ಅಮಾನತಿನಲ್ಲಿಡುತ್ತದೆ. ಪೋರ್ಟ್ ಅದರ ಕೈಯಲ್ಲೇ ಇರುತ್ತದೆ. ಆ ಟರ್ಮಿನಲ್‌ನಲ್ಲಿ ಜಾಬ್ಸ್ ಎಂದು ಹೊಡೆದರೆ ಸ್ಟಾಪ್ಡ್ ಅಥವಾ ಸಸ್ಪೆಂಡೆಡ್ ಎಂದು ಕಾಣುತ್ತದೆ, ಎಫ್‌ಜಿ ಹೊಡೆದರೆ ಮತ್ತೆ ಮುಂದೆ ಬರುತ್ತದೆ.

ಅದೂ ಅಲ್ಲದಿದ್ದರೆ ತೆರೆದಿರುವ ಎಡಿಟರ್ ವಿಂಡೋಗಳನ್ನೆಲ್ಲ ಒಮ್ಮೆ ಮುಂದೆ ತಂದು ನೋಡಿ. ಯಾವುದೋ ವಿಂಡೋದಲ್ಲಿ ಡಿಬಗರ್ ಒಂದು ಬ್ರೇಕ್‌ಪಾಯಿಂಟಿನ (ಕೋಡ್ ನಿಲ್ಲಿಸಲು ಇಟ್ಟ ಗುರುತು) ಮೇಲೆ ಹಳದಿ ಸಾಲು ಹಿಡಿದು ನಿಂತಿರುತ್ತದೆ. ನೋಡ್‌ನಲ್ಲಿ (Node.js) ಜಾವಾಸ್ಕ್ರಿಪ್ಟ್ ಒಂದೇ ಥ್ರೆಡ್‌ನಲ್ಲಿ ಓಡುವುದರಿಂದ ಅಲ್ಲಿ ನಿಂತರೆ ಉಳಿದ ಎಲ್ಲ ರಿಕ್ವೆಸ್ಟ್‌ಗಳೂ ನಿಂತವು.

ಪುಟದ ಬದಲು ಡೇಟಾಬೇಸ್ ಮೈಗ್ರೇಶನ್ (ಟೇಬಲ್‌ಗಳ ರಚನೆ ಬದಲಿಸುವ ಕೆಲಸ) ಹೀಗೆ ಜಗ್ಗದೆ ಕುಳಿತಿದ್ದರೆ ಕಾರಣ ಬೇರೆ. ಇನ್ನೊಂದು ಟರ್ಮಿನಲ್‌ನಲ್ಲಿ ಯಾರೋ ಪೋಸ್ಟ್‌ಗ್ರೆಸ್‌ನ ಪಿಎಸ್‌ಕ್ಯೂಎಲ್ ತೆರೆದು, ಬಿಗಿನ್ ಹೊಡೆದು, ಕಮಿಟ್ ಮಾಡದೆ ಬಿಟ್ಟಿದ್ದಾರೆ. ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ ಎಂಬ ವ್ಯೂ ತೆಗೆದು ನೋಡಿದರೆ ಆ ಸೆಷನ್ ಐಡಲ್ ಇನ್ ಟ್ರಾನ್ಸಾಕ್ಷನ್ ಎಂದು ಸಿಗುತ್ತದೆ. ಅಲ್ಲಿ ಹೋಗಿ ಕಮಿಟ್ ಅಥವಾ ರೋಲ್‌ಬ್ಯಾಕ್ ಮಾಡಿದ ಕ್ಷಣ ಮೈಗ್ರೇಶನ್ ಓಡುತ್ತದೆ. ಅದು ಬೇರೆಯವರ ಸೆಷನ್ ಆಗಿದ್ದರೆ ಅವರನ್ನು ಕೇಳದೆ ಕಡಿಯಬೇಡಿ, ಅವರ ಅರ್ಧ ಮಾಡಿದ ಕೆಲಸ ಹೋಗುತ್ತದೆ.

## ಒಂದರಲ್ಲಿ ಲಾಗಿನ್ ಆದರೆ ಇನ್ನೊಂದರಲ್ಲಿ ಲಾಗೌಟ್ ಆಗುತ್ತದೆ

3000ರಲ್ಲಿ ಒಂದು ಬ್ರಾಂಚ್, 3001ರಲ್ಲಿ ಇನ್ನೊಂದು. ಇಲ್ಲಿ ಲಾಗಿನ್ ಆಗಿ ಅಲ್ಲಿ ರಿಫ್ರೆಶ್ ಮಾಡಿದರೆ ಹೊರಗೆ ಹಾಕುತ್ತದೆ. ಅಲ್ಲಿ ಮತ್ತೆ ಲಾಗಿನ್ ಆದರೆ ಇಲ್ಲಿ ಹೋಯಿತು. ಆಥ್ ಕೋಡಿನಲ್ಲಿ ದೋಷ ಹುಡುಕುತ್ತ ಕೂತರೆ ಸಿಗುವುದಿಲ್ಲ, ಏಕೆಂದರೆ ಅದು ಅಲ್ಲಿಲ್ಲ. ಲಾಗಿನ್ ಗುರುತು ಇಡುವ ಕುಕಿಗಳಿಗೆ ಪೋರ್ಟ್ ಲೆಕ್ಕಕ್ಕಿಲ್ಲ. ಕುಕಿಗಳ ನಿಯಮ ಬರೆದ 2011ರ ಆರ್‌ಎಫ್‌ಸಿ 6265 ಇದನ್ನು ಸ್ಪಷ್ಟವಾಗಿಯೇ ಹೇಳಿದೆ: ಕುಕಿಗಳು ಪೋರ್ಟಿನ ಆಧಾರದ ಮೇಲೆ ಬೇರ್ಪಡುವುದಿಲ್ಲ. ನಮ್ಮ ವಾಕಡದ ಸೊಸೈಟಿಗಳಲ್ಲಿ ಪಾರ್ಸೆಲ್ ಕೊಡುವವನು ಫ್ಲಾಟ್ ನಂಬರ್ ಕೇಳದೆ ಎಲ್ಲವನ್ನೂ ಗೇಟಿನ ವಾಚ್‌ಮನ್ ಕೈಯಲ್ಲಿಟ್ಟು ಹೋದ ಹಾಗೆ, ಎರಡೂ ಆ್ಯಪಿನ ಕುಕಿ ಲೋಕಲ್‌ಹೋಸ್ಟ್ ಎಂಬ ಒಂದೇ ಗೇಟಿನಲ್ಲಿ ಬೀಳುತ್ತದೆ. ಹೆಸರೂ ಒಂದೇ ಆಗಿದ್ದರೆ ಹೊಸದು ಹಳೇದನ್ನು ಒರೆಸುತ್ತದೆ. ಜ್ಯಾಂಗೋದಲ್ಲಿ ಸೆಷನ್‌ಐಡಿ, ಪಿಎಚ್‌ಪಿಯಲ್ಲಿ ಪಿಎಚ್‌ಪಿಸೆಸ್‌ಐಡಿ, ಎಕ್ಸ್‌ಪ್ರೆಸ್‌ನಲ್ಲಿ ಕನೆಕ್ಟ್ ಡಾಟ್ ಎಸ್‌ಐಡಿ, ಹೀಗೆ ಪ್ರತಿ ಫ್ರೇಮ್‌ವರ್ಕಿಗೂ ಮೊದಲೇ ಕೊಟ್ಟ ಒಂದು ಹೆಸರಿರುವುದರಿಂದ ಈ ಘರ್ಷಣೆ ಸಾಮಾನ್ಯ.

ಲೋಕಲ್ ಸ್ಟೋರೇಜ್ ಹಾಗಲ್ಲ, ಅದು ಪೋರ್ಟ್ ಬೇರೆಯಾದರೆ ಬೇರೆಯೇ. ಅದಕ್ಕೇ ಲಾಗಿನ್ ಟೋಕನ್ನನ್ನು ಲೋಕಲ್ ಸ್ಟೋರೇಜಿನಲ್ಲಿಡುವ ಆ್ಯಪ್‌ಗಳಲ್ಲಿ ಈ ತೊಂದರೆ ಕಾಣುವುದಿಲ್ಲ. ಎರಡನ್ನೂ ಬಳಸುವ ಆ್ಯಪಿನಲ್ಲಿ ಅರ್ಧ ಲಾಗಿನ್ ಆದಂತೆ ವಿಚಿತ್ರವಾಗಿ ಕಾಣುತ್ತದೆ: ಮೇಲೆ ನಿಮ್ಮ ಹೆಸರು ಇದೆ, ಕೆಳಗೆ ಎಲ್ಲ ರಿಕ್ವೆಸ್ಟಿಗೂ 401, ಅಂದರೆ ಲಾಗಿನ್ ಆಗಿಲ್ಲ.

ತಕ್ಷಣದ ಪರಿಹಾರ, ಒಂದನ್ನು ಲೋಕಲ್‌ಹೋಸ್ಟ್ ಎಂದೂ ಇನ್ನೊಂದನ್ನು 127.0.0.1 ಎಂದೂ ತೆರೆಯಿರಿ. ಎರಡೂ ನಿಮ್ಮದೇ ಮಷಿನ್, ಆದರೆ ಬ್ರೌಸರಿಗೆ ಇವೆರಡು ಬೇರೆ ಹೋಸ್ಟ್. ಗೂಗಲ್ ಲಾಗಿನ್ ಥರದ್ದು ಇದ್ದರೆ ರೀಡೈರೆಕ್ಟ್ ವಿಳಾಸ ಹೊಂದಬೇಕಾಗುತ್ತದೆ, ಅಷ್ಟು ನೆನಪಿರಲಿ. ಇನ್ನೂ ಚಂದದ ದಾರಿ ಎಂದರೆ ಪ್ರತಿ ಬ್ರಾಂಚಿಗೆ ಲೋಕಲ್‌ಹೋಸ್ಟಿನ ಮುಂದೆ ಒಂದು ಹೆಸರು ಸೇರಿಸಿಕೊಳ್ಳುವುದು. ಕ್ರೋಮ್, ಫೈರ್‌ಫಾಕ್ಸ್ ಎರಡೂ ಅಂಥ ವಿಳಾಸವನ್ನು ನಿಮ್ಮದೇ ಮಷಿನ್ನಿಗೆ ತಿರುಗಿಸುತ್ತವೆ. ಖಾಯಂ ಪರಿಹಾರ, ಕುಕಿಯ ಹೆಸರನ್ನು ಎನ್‌ವಿರಾನ್‌ಮೆಂಟ್ ವೇರಿಯಬಲ್‌ನಿಂದ ಬರುವಂತೆ ಮಾಡಿ, ಸೆಷನ್ನಿಗೊಂದು ಹೆಸರು ಕೊಡುವುದು.

ಇಬ್ಬರು ಯೂಸರ್ ಆಗಿ ಒಟ್ಟಿಗೆ ಟೆಸ್ಟ್ ಮಾಡಲು ಎರಡು ಇನ್‌ಕಾಗ್ನಿಟೋ ವಿಂಡೋ ತೆರೆಯುವವರಿದ್ದಾರೆ. ಕ್ರೋಮಿನಲ್ಲಿ ತೆರೆದಿರುವ ಎಲ್ಲ ಇನ್‌ಕಾಗ್ನಿಟೋ ವಿಂಡೋಗಳೂ ಒಂದೇ ಕುಕಿ ಡಬ್ಬಿಯನ್ನು ಹಂಚಿಕೊಳ್ಳುತ್ತವೆ. ಬೇರೆ ಬೇರೆ ಬೇಕೆಂದರೆ ಬೇರೆ ಪ್ರೊಫೈಲ್ ಮಾಡಿ.

## ಒಂದು ಟರ್ಮಿನಲ್‌ನಲ್ಲಿ ನಡೆಯುತ್ತದೆ, ಪಕ್ಕದ್ದರಲ್ಲಿ ಇಲ್ಲ

ಕೋಡ್ ಒಂದೇ, ಫೋಲ್ಡರ್ ಒಂದೇ. ಆದರೆ ಪ್ರತಿ ಟರ್ಮಿನಲ್‌ಗೂ ತನ್ನದೇ ಎನ್‌ವಿರಾನ್‌ಮೆಂಟ್ (ಸೆಟ್ಟಿಂಗ್ ಇಡುವ ವೇರಿಯಬಲ್‌ಗಳ ಗುಂಪು) ಇರುತ್ತದೆ. ಒಂದರಲ್ಲಿ ಎಕ್ಸ್‌ಪೋರ್ಟ್ ಮಾಡಿದ್ದು ಇನ್ನೊಂದಕ್ಕೆ ತಿಳಿಯುವುದಿಲ್ಲ, ಈಗಾಗಲೇ ಓಡುತ್ತಿರುವ ಪ್ರೊಸೆಸ್ಸಿಗೂ ತಿಳಿಯುವುದಿಲ್ಲ. ಎರಡೂ ಕಡೆ ನೋಡ್ ಅಥವಾ ಪೈಥಾನ್ ಆವೃತ್ತಿ ಕೇಳಿ, ವಿಚ್ ಕಮಾಂಡಿನಿಂದ ಅದು ಯಾವ ಫೋಲ್ಡರಿನಿಂದ ಬರುತ್ತಿದೆ ನೋಡಿ. ನೋಡ್ ಆವೃತ್ತಿ ಬದಲಿಸುವ ಎನ್‌ವಿಎಂ ಮಾಡುವ ಬದಲಾವಣೆ ಆ ಒಂದು ಶೆಲ್ಲಿಗೆ ಮಾತ್ರ. ನೋಡ್ ಮಾಡ್ಯೂಲ್ ವರ್ಷನ್ ಹೊಂದುತ್ತಿಲ್ಲ ಎಂಬ ಎರರ್ ಬಂದರೆ ಒಂದು ಆವೃತ್ತಿಯಲ್ಲಿ ಇನ್‌ಸ್ಟಾಲ್ ಮಾಡಿ ಇನ್ನೊಂದರಲ್ಲಿ ಓಡಿಸುತ್ತಿದ್ದೀರಿ.

ಸೆಟ್ಟಿಂಗ್, ಪಾಸ್‌ವರ್ಡ್ ಇಡುವ ಡಾಟ್ ಎನ್ವ್ ಫೈಲಿನಲ್ಲಿ ಮೌಲ್ಯ ತಿದ್ದಿದರೂ ಹಳೇದೇ ಬರುತ್ತಿದೆಯೇ? ನೋಡ್‌ನ ಡಾಟ್‌ಎನ್ವ್ ಲೈಬ್ರರಿ, ಆ ಹೆಸರಿನ ವೇರಿಯಬಲ್ ಶೆಲ್ಲಿನಲ್ಲಿ ಮೊದಲೇ ಇದ್ದರೆ ಅದನ್ನು ಮುಟ್ಟುವುದಿಲ್ಲ. ಎಂದೋ ಎಕ್ಸ್‌ಪೋರ್ಟ್ ಮಾಡಿ ಮರೆತದ್ದೇ ಗೆಲ್ಲುತ್ತದೆ. ಅನ್‌ಸೆಟ್ ಮಾಡಿ, ಅಥವಾ ಹೊಸ ಟರ್ಮಿನಲ್ ತೆರೆದು ಮತ್ತೆ ಶುರು ಮಾಡಿ. ವೇರಿಯಬಲ್‌ಗಳನ್ನೆಲ್ಲ ಪರದೆಯ ಮೇಲೆ ಸುರಿಯುವ ಮುನ್ನ ಸ್ಕ್ರೀನ್ ಶೇರ್ ನಿಂತಿದೆಯೇ ನೋಡಿಕೊಳ್ಳಿ, ಪಾಸ್‌ವರ್ಡ್‌ಗಳೂ ಅಲ್ಲೇ ಇರುತ್ತವೆ.

ಇಷ್ಟಾದರೂ ಬಗೆಹರಿಯದೆ ಎಲ್ಲ ಅಳಿಸಿ ಹೊಸದಾಗಿ ಮಾಡೋಣ ಎಂದು ಗಿಟ್ ಕ್ಲೀನ್ ಹೊಡೆಯುವವರಿಗೆ: ಎಫ್, ಡಿ, ಎಕ್ಸ್ ಮೂರೂ ಸೇರಿಸಿ ಕೊಟ್ಟರೆ ಗಿಟ್ ಇಗ್ನೋರ್ ಮಾಡಿದ ಫೈಲುಗಳೂ ಹೋಗುತ್ತವೆ. ನಿಮ್ಮ ಡಾಟ್ ಎನ್ವ್ ಕೂಡ ಅದರಲ್ಲೇ ಇದೆ, ಗಿಟ್‌ನಿಂದ ಅದು ವಾಪಸ್ ಬರುವುದಿಲ್ಲ.

## ಕನೆಕ್ಷನ್ ರಿಫ್ಯೂಸ್ಡ್

ಆ ವಿಳಾಸದಲ್ಲಿ, ಆ ಪೋರ್ಟಿನಲ್ಲಿ ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ಇದರ ಅರ್ಥ. ಡೇಟಾಬೇಸ್ ಎದ್ದಿದೆಯೇ ಮೊದಲು ನೋಡಿ. ಎದ್ದಿದ್ದರೆ ಎರರ್ ಸಾಲನ್ನು ಪೂರ್ತಿ ಓದಿ. ವಿಳಾಸದ ಜಾಗದಲ್ಲಿ ಎರಡು ಕೋಲನ್ ಮತ್ತು 1 ಕಂಡರೆ ನಿಮ್ಮ ಆ್ಯಪ್ ಹೊಸ ಬಗೆಯ ವಿಳಾಸವಾದ ಐಪಿವಿ6ರಲ್ಲಿ ಹುಡುಕುತ್ತಿದೆ, ಡೇಟಾಬೇಸ್ ಹಳೇ ಬಗೆಯ ಐಪಿವಿ4ರಲ್ಲಿ ಮಾತ್ರ ಕೂತಿದೆ. 2021ರ ನೋಡ್ 17ರಿಂದ ಲೋಕಲ್‌ಹೋಸ್ಟ್ ಎಂಬ ಹೆಸರಿಗೆ ಸಿಸ್ಟಮ್ ಕೊಟ್ಟ ಕ್ರಮದಲ್ಲೇ ವಿಳಾಸ ಸಿಗುವಂತೆ ಬದಲಾದ್ದರಿಂದ ಇದು ಹೆಚ್ಚಾಯಿತು. ಕಾನ್ಫಿಗ್‌ನಲ್ಲಿ ಲೋಕಲ್‌ಹೋಸ್ಟ್ ಬದಲು 127.0.0.1 ಬರೆದರೆ ಸರಿಹೋಗುತ್ತದೆ.

ಡಾಕರ್ ಒಳಗಿಂದ ಈ ಎರರ್ ಬಂದರೆ, ಕಂಟೇನರಿನೊಳಗೆ ಲೋಕಲ್‌ಹೋಸ್ಟ್ ಎಂದರೆ ಆ ಕಂಟೇನರೇ. ಹಲವು ಕಂಟೇನರ್ ಒಟ್ಟಿಗೆ ಓಡಿಸುವ ಡಾಕರ್ ಕಂಪೋಸ್‌ನಲ್ಲಿದ್ದರೆ ಸರ್ವಿಸ್ ಹೆಸರಿನಿಂದ ಕರೆಯಿರಿ. ತಿರುಗುಮುರುಗಾಗಿ, ಕಂಟೇನರಿನಲ್ಲಿ ಆ್ಯಪ್ ಓಡುತ್ತಿದ್ದೂ ಬ್ರೌಸರಿಗೆ ಸಿಗದಿದ್ದರೆ, ಆ್ಯಪ್ ಕಂಟೇನರಿನೊಳಗಿನ 127.0.0.1ರಲ್ಲಿ ಮಾತ್ರ ಕೇಳುತ್ತಿದೆ, ಅದಕ್ಕೆ 0.0.0.0 (ಎಲ್ಲ ವಿಳಾಸದಲ್ಲೂ ಕೇಳು ಎಂದರ್ಥ) ಕೊಡಬೇಕು.

ಇಲ್ಲೊಂದು ಎಚ್ಚರಿಕೆ, ಪೇಯಿಂಗ್ ಗೆಸ್ಟ್ ಮನೆಯಲ್ಲಿ ಐವತ್ತು ಜನ ಒಂದೇ ವೈಫೈ ಹಂಚಿಕೊಂಡು ಇರುವವರಿಗೆ ಮುಖ್ಯವಾಗಿ. ಡಾಕರ್‌ನಲ್ಲಿ ಪೋಸ್ಟ್‌ಗ್ರೆಸ್‌ನ ಪೋರ್ಟನ್ನು 5432:5432 ಎಂದಷ್ಟೇ ಹೊರಗೆ ಕೊಟ್ಟರೆ ಅದು ನಿಮ್ಮ ಮಷಿನ್ನಿನ ಎಲ್ಲ ನೆಟ್‌ವರ್ಕಿಗೂ ತೆರೆದುಕೊಳ್ಳುತ್ತದೆ. ಲಿನಕ್ಸಿನಲ್ಲಿ ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಿದ್ದರೂ ಡಾಕರ್ ಅದನ್ನು ದಾಟಿ ಹೋಗುತ್ತದೆ. ಪೋರ್ಟಿನ ಮುಂದೆ 127.0.0.1 ಸೇರಿಸಿ ಬರೆಯಿರಿ.

## ಕಾಲಂ ಇಲ್ಲ ಅನ್ನುತ್ತದೆ, ಅಥವಾ ನಿನ್ನೆಯ ಡೇಟಾ ಕಾಣುತ್ತಿಲ್ಲ

ಎರಡು ಬ್ರಾಂಚ್ ಒಂದೇ ಡೇಟಾಬೇಸನ್ನು ಬಳಸಿದಾಗ ಬರುವ ಎರರ್ ದಿಕ್ಕನ್ನೂ ತೋರಿಸುತ್ತದೆ. ಕಾಲಂ ಇಲ್ಲ ಎಂದರೆ ಡೇಟಾಬೇಸ್ ನಿಮ್ಮ ಕೋಡಿಗಿಂತ ಹಿಂದಿದೆ, ಮೈಗ್ರೇಶನ್ ಓಡಿಸಿ. ನಿಮ್ಮ ಕೋಡಿನಲ್ಲಿ ಹೆಸರೇ ಇಲ್ಲದ ಕಾಲಂ ಖಾಲಿ ಇರಬಾರದು ಎಂದು ಇನ್ಸರ್ಟ್ ಬಿದ್ದರೆ ಡೇಟಾಬೇಸ್ ಮುಂದಿದೆ, ಇನ್ನೊಂದು ಬ್ರಾಂಚಿನ ಮೈಗ್ರೇಶನ್ ಇಲ್ಲಿ ಓಡಿದೆ. ಎರಡನೆಯದನ್ನು ಕೈಯಿಂದ ಕಾಲಂ ಕಿತ್ತು ಸರಿಮಾಡಲು ಹೋಗಬೇಡಿ. ಬ್ರಾಂಚಿಗೊಂದು ಡೇಟಾಬೇಸ್ ಮಾಡಿಕೊಳ್ಳಿ. ಪೋಸ್ಟ್‌ಗ್ರೆಸ್‌ನಲ್ಲಿ ಇರುವ ಡೇಟಾಬೇಸನ್ನೇ ಟೆಂಪ್ಲೇಟ್ ಮಾಡಿ ನಕಲು ತೆಗೆಯಬಹುದು, ಆ ಹೊತ್ತಿಗೆ ಮೂಲಕ್ಕೆ ಬೇರೆ ಯಾವ ಕನೆಕ್ಷನ್ನೂ ಇರಬಾರದು, ಅಷ್ಟೇ.

ಡೇಟಾವೇ ಕಾಣೆಯಾದರೆ ಗಾಬರಿಯಾಗುವ ಮುನ್ನ ಫೋಲ್ಡರಿನ ಹೆಸರು ನೋಡಿ. ಡಾಕರ್ ಕಂಪೋಸ್ ತನ್ನ ಪ್ರಾಜೆಕ್ಟಿನ ಹೆಸರನ್ನು ಫೋಲ್ಡರಿನ ಹೆಸರಿನಿಂದ ತೆಗೆದುಕೊಳ್ಳುತ್ತದೆ, ಡೇಟಾ ಉಳಿಸುವ ವಾಲ್ಯೂಮಿನ ಹೆಸರಿಗೂ ಅದನ್ನೇ ಹಚ್ಚುತ್ತದೆ. ಫೋಲ್ಡರ್ ಹೆಸರು ಬದಲಿಸಿದ್ದರೆ ಹೊಸ ಖಾಲಿ ವಾಲ್ಯೂಮ್ ಹುಟ್ಟಿರುತ್ತದೆ, ಹಳೇದು ಹಾಗೇ ಇದೆ. ಇದರ ಉಲ್ಟಾ ಇನ್ನೂ ಕಾಡುತ್ತದೆ: ಎರಡು ಬೇರೆ ಜಾಗದಲ್ಲಿ ಒಂದೇ ಹೆಸರಿನ ಫೋಲ್ಡರಿಗೆ ಕ್ಲೋನ್ ಮಾಡಿದ್ದರೆ, ಒಂದರಲ್ಲಿ ಅಪ್ ಹೊಡೆದಾಗ ಇನ್ನೊಂದರ ಕಂಟೇನರ್ ಬದಲಾಗಿಬಿಡುತ್ತದೆ. ಪ್ರಾಜೆಕ್ಟ್ ಹೆಸರನ್ನು ನೀವೇ ಕೊಡಿ.

ಕಂಪೋಸ್ ಡೌನ್‌ಗೆ ವಿ ಸೇರಿಸಿದರೆ ವಾಲ್ಯೂಮ್‌ಗಳೂ ಅಳಿಯುತ್ತವೆ. ಯಾರೋ ಬರೆದ ಉತ್ತರ ನೋಡಿ ಹಾಗೇ ಹಚ್ಚುವ ಕಮಾಂಡ್ ಅಲ್ಲ ಅದು.

## ಒಮ್ಮೆ ಆಗುತ್ತದೆ, ಒಮ್ಮೆ ಆಗುವುದಿಲ್ಲ

ಇಮೇಲ್ ಕಳಿಸುವ ಬಟನ್ ಒತ್ತಿದರೆ ಒಂದು ಸಲ ಹೊಸ ಟೆಂಪ್ಲೇಟ್, ಮತ್ತೊಂದು ಸಲ ಹಳೇದು. ಬ್ರೇಕ್‌ಪಾಯಿಂಟ್ ಒಮ್ಮೆ ನಿಲ್ಲುತ್ತದೆ, ಒಮ್ಮೆ ಇಲ್ಲ. ಇದನ್ನು ನೋಡಿದವರು ರೇಸ್ ಕಂಡಿಷನ್ (ಒಟ್ಟಿಗೆ ಓಡುವ ಕೆಲಸಗಳ ಕ್ರಮದ ಗೊಂದಲ) ಎಂದು ಕೋಡಿನಲ್ಲಿ ಲಾಕ್ ಹಾಕಲು ಶುರು ಮಾಡುತ್ತಾರೆ. ತಡೆಯಿರಿ. ಎರಡು ಬ್ರಾಂಚಿನ ಬ್ಯಾಕ್‌ಗ್ರೌಂಡ್ ವರ್ಕರ್‌ಗಳು ರೆಡಿಸ್ ಎಂಬ ಒಂದೇ ಡೇಟಾ ಸ್ಟೋರಿನ ಒಂದೇ ಕ್ಯೂದಿಂದ (ಕೆಲಸಗಳ ಸಾಲು) ಜಾಬ್ ಎತ್ತಿಕೊಳ್ಳುತ್ತಿವೆ. ಯಾರು ಮೊದಲು ಕೈ ಚಾಚಿದರೋ ಅವರ ಕೋಡ್ ಓಡುತ್ತದೆ.

ಪರೀಕ್ಷೆ ಸುಲಭ. ಪಿಎಸ್ ಕಮಾಂಡಿನಲ್ಲಿ ವರ್ಕರ್ ಹೆಸರು ಹುಡುಕಿ, ಎಷ್ಟಿವೆ ನೋಡಿ. ಸೆಷನ್ ಮುಚ್ಚಿದಾಗ ವೆಬ್ ಸರ್ವರ್ ನಿಂತು ವರ್ಕರ್ ಮಾತ್ರ ಹಿನ್ನೆಲೆಯಲ್ಲಿ ಉಳಿಯುವುದು ಮಾಮೂಲು. ಜಾಬ್ ಶುರುವಾಗುವ ಸಾಲಿನಲ್ಲಿ ಪ್ರೊಸೆಸ್ ಐಡಿ ಮತ್ತು ಬ್ರಾಂಚ್ ಹೆಸರನ್ನು ಲಾಗ್ ಮಾಡಿದರೆ ಯಾವ ಸೆಷನ್ ಎತ್ತಿಕೊಂಡಿತು ಎಂಬುದೂ ಬಯಲಾಗುತ್ತದೆ. ರೆಡಿಸ್‌ನಲ್ಲಿ 0ರಿಂದ 15ರ ತನಕ ಹದಿನಾರು ಡೇಟಾಬೇಸ್ ಮೊದಲೇ ಇರುತ್ತವೆ. ಸೆಷನ್ನಿಗೊಂದು ಅಂಕಿ ಕೊಡಿ, ಅಥವಾ ಕ್ಯೂ ಹೆಸರಿಗೆ ಬ್ರಾಂಚಿನ ಹೆಸರು ಸೇರಿಸಿ.

## ಬ್ರೇಕ್‌ಪಾಯಿಂಟ್ ನಿಲ್ಲುವುದೇ ಇಲ್ಲ

ವಿಎಸ್ ಕೋಡ್‌ನಲ್ಲಿ ಕೆಂಪು ಚುಕ್ಕೆ ಬೂದು ಬಣ್ಣದ ಟೊಳ್ಳು ಉಂಗುರವಾಗಿ ಕಂಡರೆ ಡಿಬಗರ್ ಜೋಡಿಸಿಕೊಂಡ ಪ್ರೊಸೆಸ್ಸಿನಲ್ಲಿ ಆ ಫೈಲು ಸಿಕ್ಕಿಲ್ಲ. ನೋಡ್‌ನ ಡಿಬಗ್ ಪೋರ್ಟ್ 9229. ಮೊದಲು ಎದ್ದ ಸೆಷನ್ ಅದನ್ನು ಹಿಡಿದಿರುತ್ತದೆ, ನೀವು ಜೋಡಿಸಿಕೊಂಡದ್ದು ಅದಕ್ಕೇ. ಎರಡನೆಯದಕ್ಕೆ 9230 ಕೊಟ್ಟು ಮತ್ತೆ ಜೋಡಿಸಿ. ಚುಕ್ಕೆ ಕೆಂಪಾಗಿಯೇ ಇದ್ದು ಬೇರೆ ಸಾಲಿನಲ್ಲಿ ನಿಂತರೆ ಸೋರ್ಸ್ ಮ್ಯಾಪ್ (ಬಿಲ್ಡ್ ಆದ ಕೋಡಿನಿಂದ ಮೂಲ ಸಾಲಿಗೆ ಕೊಂಡಿ) ಹಳೇದು, ಬಿಲ್ಡ್ ಫೋಲ್ಡರ್ ಅಳಿಸಿ ಹೊಸದಾಗಿ ಕಟ್ಟಿ. ಡಿಬಗ್ ಪೋರ್ಟನ್ನು ಎಂದೂ 0.0.0.0ಗೆ ತೆರೆಯಬೇಡಿ. ಅದಕ್ಕೆ ಪಾಸ್‌ವರ್ಡ್ ಇಲ್ಲ, ತಲುಪಿದ ಯಾರೂ ನಿಮ್ಮ ಮಷಿನ್ನಿನಲ್ಲಿ ಬೇಕಾದ ಕೋಡ್ ಓಡಿಸಬಹುದು.

## ನೆಟ್‌ವರ್ಕ್ ಹೋಯಿತು, ಸರ್ವರ್ ಮೇಲಿನ ಕೆಲಸವೂ ಹೋಯಿತು

ಶುಕ್ರವಾರ ರಾತ್ರಿ ಹುಬ್ಬಳ್ಳಿ ಬಸ್ಸಿನಲ್ಲಿ ಕೂತು ಮೊಬೈಲ್ ಹಾಟ್‌ಸ್ಪಾಟ್‌ನಿಂದ ಆಫೀಸಿನ ಸರ್ವರಿಗೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡಿದರೆ ಕಾತ್ರಜ್ ಸುರಂಗದಲ್ಲಿ ಒಮ್ಮೆ, ಖಂಬಾಟ್ಕಿ ಘಾಟಿನಲ್ಲಿ ಮತ್ತೊಮ್ಮೆ ಸಿಗ್ನಲ್ ಬೀಳುತ್ತದೆ. ಎಸ್‌ಎಸ್‌ಎಚ್ ಕಡಿದಾಗ ಅದರೊಳಗೆ ಶುರುವಾದ ಪ್ರೊಸೆಸ್‌ಗಳಿಗೆ ಹ್ಯಾಂಗಪ್ ಸಿಗ್ನಲ್ ಹೋಗುತ್ತದೆ, ಹೆಚ್ಚಿನವು ಸಾಯುತ್ತವೆ. ಕನೆಕ್ಷನ್ ಹೋದರೂ ಟರ್ಮಿನಲ್ ಉಳಿಸುವ ಟಿಮಕ್ಸ್ ಒಳಗೆ ಶುರು ಮಾಡಿದ್ದರೆ ಅವು ಬದುಕಿರುತ್ತವೆ, ವಾಪಸ್ ಬಂದು ಅಟ್ಯಾಚ್ ಆದರೆ ಸಾಕು. ಆದರೆ ಬದುಕಿರುತ್ತವೆ ಎಂಬುದೇ ಮುಂದಿನ ವಾರದ ಪೋರ್ಟ್ ಜಗಳಕ್ಕೆ ಕಾರಣ. ಟಿಮಕ್ಸ್ ಎಲ್‌ಎಸ್ ಹೊಡೆದು ಬೇಡದ ಸೆಷನ್ ಮುಚ್ಚುವುದನ್ನು ರೂಢಿ ಮಾಡಿಕೊಳ್ಳಿ.

ಮತ್ತೆ ಅಟ್ಯಾಚ್ ಆದ ಮೇಲೆ ಗಿಟ್ ಪುಶ್ ಮಾತ್ರ ಪರ್ಮಿಷನ್ ಇಲ್ಲ ಎಂದರೆ ಕೀ ಕೆಟ್ಟಿಲ್ಲ. ಟಿಮಕ್ಸ್‌ನ ಹಳೇ ಪೇನ್ ಇನ್ನೂ ಸತ್ತ ಕನೆಕ್ಷನ್ನಿನ ಎಸ್‌ಎಸ್‌ಎಚ್ ಏಜೆಂಟನ್ನೇ (ಕೀ ಇಟ್ಟುಕೊಳ್ಳುವ ಪ್ರೊಸೆಸ್) ಹುಡುಕುತ್ತಿದೆ. ಟಿಮಕ್ಸ್‌ನಲ್ಲಿ ಹೊಸ ವಿಂಡೋ ತೆರೆದು ಅಲ್ಲಿಂದ ಪುಶ್ ಮಾಡಿ.

ಗಿಟ್‌ಹಬ್ ಕೋಡ್‌ಸ್ಪೇಸಸ್ (ಕ್ಲೌಡಿನ ಡೆವಲಪ್‌ಮೆಂಟ್ ಮಷಿನ್) ಬಳಸುವವರಿಗೆ ಕಾರಣ ಬೇರೆ: ಸೆಟ್ಟಿಂಗ್ ಬದಲಿಸದೆ ಇದ್ದು, ನೀವು ಏನೂ ಮಾಡದಿದ್ದರೆ ಅದು 30 ನಿಮಿಷಕ್ಕೆ ತಾನಾಗಿ ನಿಲ್ಲುತ್ತದೆ. ಫೈಲುಗಳು ಉಳಿಯುತ್ತವೆ, ಪ್ರೊಸೆಸ್‌ಗಳು ಉಳಿಯುವುದಿಲ್ಲ.

## ಬೆಳಗಿನ ಜಾವ ಮಾತ್ರ ತಾರೀಖು ತಪ್ಪು

ಲ್ಯಾಪ್‌ಟಾಪಿನ ಸೆಷನ್ನಿನಲ್ಲಿ ಸರಿ, ಕಂಟೇನರಿನ ಸೆಷನ್ನಿನಲ್ಲಿ ಒಂದು ದಿನ ಹಿಂದೆ. ಕಂಟೇನರ್ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ, ನಾವು ಐದೂವರೆ ತಾಸು ಮುಂದೆ. ಮಧ್ಯರಾತ್ರಿಯಿಂದ ಬೆಳಗಿನ 5:30ರ ತನಕ ಅಲ್ಲಿ ಇನ್ನೂ ನಿನ್ನೆಯೇ. ಹಗಲಿನಲ್ಲಿ ಎಷ್ಟು ಹುಡುಕಿದರೂ ಈ ದೋಷ ಕಾಣಿಸುವುದಿಲ್ಲ. ಎರಡೂ ಕಡೆ ಡೇಟ್ ಕಮಾಂಡ್ ಹೊಡೆದು ಪಕ್ಕಪಕ್ಕ ಇಡಿ. ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದ ಮೇಲೆ ಡಬ್ಲ್ಯುಎಸ್‌ಎಲ್ 2ರ ಗಡಿಯಾರ ಹಿಂದೆ ಬೀಳುವುದೂ ಉಂಟು. ಆಗ ಈಗಷ್ಟೇ ಕೊಟ್ಟ ಟೋಕನ್ ಇನ್ನೂ ಚಾಲ್ತಿಗೆ ಬಂದಿಲ್ಲ ಎಂಬ ಎರರ್ ಬರುತ್ತದೆ. ಡಬ್ಲ್ಯುಎಸ್‌ಎಲ್ ಪೂರ್ತಿ ಶಟ್‌ಡೌನ್ ಮಾಡಿ ಎಬ್ಬಿಸಿದರೆ ಸಮಯ ಸರಿಯಾಗುತ್ತದೆ.

## ಎಲ್ಲಿ ಕೈ ತೆಗೆದು ಹಿರಿಯರನ್ನು ಕರೆಯಬೇಕು

ಗುರುತಿನ ಪುಟದಲ್ಲಾಗಲಿ ಲಾಗಿನಲ್ಲಾಗಲಿ ಪ್ರೊಡಕ್ಷನ್ ಡೇಟಾಬೇಸಿನ ಹೋಸ್ಟ್ ಹೆಸರು ಕಂಡರೆ ಅಲ್ಲಿಗೇ ನಿಲ್ಲಿಸಿ. ಸರಿಮಾಡಲೂ ಒಂದು ಕಮಾಂಡ್ ಹೊಡೆಯಬೇಡಿ. ಡೇಟಾ ಅಳಿದಿದೆ ಎಂಬ ಅನುಮಾನ ಇದ್ದಾಗಲೂ ಅಷ್ಟೇ: ಮತ್ತೆ ಸೀಡ್ ಮಾಡುವುದು (ಮಾದರಿ ಡೇಟಾ ತುಂಬುವುದು), ಕಂಟೇನರ್ ಮರುಸೃಷ್ಟಿಸುವುದು ಉಳಿದಿರುವುದನ್ನೂ ಒರೆಸಬಹುದು. ಗಿಟ್‌ಗೆ ಪಾಸ್‌ವರ್ಡ್ ಅಥವಾ ಕೀ ಪುಶ್ ಆಗಿದ್ದರೆ ಕಮಿಟ್ ಅಳಿಸಿ ಸುಮ್ಮನಾಗಬೇಡಿ. ಮೊದಲು ಟೀಮಿಗೆ ಹೇಳಿ ಆ ಕೀಯನ್ನು ರದ್ದು ಮಾಡಿಸಿ, ಹೊಸದು ತೆಗೆದುಕೊಳ್ಳಿ. ಹೊಸಬರು ಬೈಸಿಕೊಳ್ಳುವ ಭಯದಿಂದ ಇಂಥದ್ದನ್ನು ಸಂಜೆ ತನಕ ಇಟ್ಟುಕೊಳ್ಳುತ್ತಾರೆ. ಹಾಗೆ ಇಟ್ಟುಕೊಂಡ ತಾಸುಗಳೇ ನಷ್ಟ ಹೆಚ್ಚಿಸುತ್ತವೆ. ಹೇಳಿದವರನ್ನು ಬೈಯುವ ಹಿರಿಯರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಬೈಯಬೇಡಿ.

ಇವೇನೂ ಇಲ್ಲದೆ, ಮೇಲಿನ ಪರೀಕ್ಷೆಗಳೆಲ್ಲ ಮುಗಿದೂ ದೋಷ ಉಳಿದಿದ್ದರೆ ಒಂದು ಕೊನೆಯ ಕೆಲಸ ಮಾಡಿ ಕೇಳಿ. ಉಳಿದ ಎಲ್ಲ ಸೆಷನ್ ನಿಲ್ಲಿಸಿ, ಹೊಸ ಟರ್ಮಿನಲ್, ಹೊಸ ಬ್ರೌಸರ್ ಪ್ರೊಫೈಲ್, ಖಾಲಿ ಡೇಟಾಬೇಸ್ ಇಟ್ಟುಕೊಂಡು ಒಂದೇ ಒಂದು ಸೆಷನ್ ಎಬ್ಬಿಸಿ ನೋಡಿ. ದೋಷ ಹೋದರೆ ಅದು ಸೆಷನ್‌ಗಳ ನಡುವಿನದು, ಒಂದೊಂದನ್ನೇ ವಾಪಸ್ ತಂದು ಯಾವುದರಿಂದ ಮರಳುತ್ತದೆ ನೋಡಿ. ಹೋಗದಿದ್ದರೆ ದೋಷ ನಿಜಕ್ಕೂ ಕೋಡಿನಲ್ಲಿದೆ, ಈಗ ಬಿಚ್ಚಬಹುದು.

ಸಹಾಯ ಕೇಳುವಾಗ ಗುರುತಿನ ಪುಟದಲ್ಲಿ ಬಂದದ್ದು, ಎರರ್‌ನ ಪೂರ್ತಿ ಪಠ್ಯ, ಕೊನೆಗೆ ಯಾವಾಗ ಸರಿಯಿತ್ತು, ಅದಾದ ಮೇಲೆ ಏನು ಬದಲಾಯಿತು, ಯಾವ ಪರೀಕ್ಷೆ ಮಾಡಿ ಏನು ಕಂಡಿರಿ ಎಂದು ಬರೆಯಿರಿ. ಸ್ಕ್ರೀನ್‌ಶಾಟಿಗಿಂತ ಪಠ್ಯ ಒಳ್ಳೆಯದು, ಹುಡುಕಲು ಬರುತ್ತದೆ. ನೆಟ್‌ವರ್ಕ್ ಟ್ಯಾಬಿನಿಂದ ಎಚ್‌ಎಆರ್ ಫೈಲ್ (ಎಲ್ಲ ರಿಕ್ವೆಸ್ಟ್‌ಗಳ ದಾಖಲೆ) ತೆಗೆದು ಕಳಿಸುವುದಾದರೆ ಅದನ್ನೊಮ್ಮೆ ಎಡಿಟರಿನಲ್ಲಿ ತೆರೆದು ಕುಕಿ, ಆಥರೈಸೇಶನ್ ಎಂದು ಹುಡುಕಿ, ಅಲ್ಲಿರುವ ಟೋಕನ್‌ಗಳನ್ನು ಅಳಿಸಿಯೇ ಕಳಿಸಿ.